ನನ್ನ ಹೆಸರಿನ ಡೊಮೈನು, ನಾಲ್ಕು ರಿಜಿಸ್ಟ್ರಾರು: ಇದ್ದು ನೋಡಿದ ಮೇಲೆ ಬರೀತಿರೋದು

ಡೊಮೈನ್, ಅಂದ್ರೆ ವೆಬ್‌ಸೈಟಿಗೋ ಮೇಲ್‌ಗೋ ಇಡೋ ಹೆಸರು, ತಗೊಳೋಕೆ ಐದು ನಿಮಿಷ ಸಾಕು, ಆದ್ರೆ ಮೊದಲ್ನೇ ಸಲ ತಗೊಂಡ ಕಡೆಯಿಂದ ಬಿಡಿಸ್ಕೊಂಡು ಬರೋಕೆ ನಂಗೆ ಎರಡೂವರೆ ತಿಂಗಳು ಹಿಡೀತು. ಅವತ್ತಿಂದ ಯಾವ ರಿಜಿಸ್ಟ್ರಾರ್ (ಡೊಮೈನ್ ಮಾರೋ ಕಂಪನಿ) ನೋಡಿದ್ರೂ ಮೊದ್ಲು ಇಲ್ಲಿಂದ ಹೊರಗೆ ಹೋಗೋ ಬಾಗ್ಲು ಎಲ್ಲಿದೆ ಅಂತ ಹುಡುಕ್ತೀನಿ, ರೇಟು ಆಮೇಲೆ. ಈಗ ನನ್ ಹತ್ರ ಮೂರು ಡೊಮೈನ್ ಇದಾವೆ, ಒಂದು ನನ್ನ ಹೆಸರಿಂದು, ಒಂದು ಮೇಲ್‌ಗೆ ಅಂತಾನೇ ಇಟ್ಕೊಂಡಿರೋದು, ಇನ್ನೊಂದು ಯಾವ್ದೋ ರಾತ್ರಿ ಹುಮ್ಮಸ್ಸಲ್ಲಿ ತಗೊಂಡು ಇವತ್ತಿಗೂ ಖಾಲಿ ಬಿದ್ದಿರೋದು (ಎಲ್ಲರ ಹತ್ರಾನೂ ಇಂಥದ್ದೊಂದು ಇರತ್ತೆ, ಸುಳ್ಳು ಹೇಳ್ಬೇಡಿ). ಇವನ್ನ ಹಿಡ್ಕೊಂಡು ನಾಲ್ಕು ಕಡೆ ಓಡಾಡಿದೀನಿ. ಒಂದು ಹೋಸ್ಟಿಂಗ್ ಕಂಪನಿ (ಸೈಟ್ ಇಡೋಕೆ ಸರ್ವರಲ್ಲಿ ಜಾಗ ಕೊಡೋರು), ಅದರ ಹೆಸರು ಬೇಡ, ಆಮೇಲೆ ನೇಮ್‌ಚೀಪ್, ಕ್ಲೌಡ್‌ಫ್ಲೇರ್, ಪೋರ್ಕ್‌ಬನ್.

ಹೋಲಿಕೆಗೆ ಮುಂಚೆ ಒಂದು ವಿಷ್ಯ ತಲೇಲಿ ಇಟ್ಕೊಳಿ, ಇಲ್ಲಾಂದ್ರೆ ರೇಟ್ ಅರ್ಥ ಆಗಲ್ಲ. ಡಾಟ್ ಕಾಮ್ ಹೆಸರುಗಳ ಪಟ್ಟಿ ಇರೋದು ವೆರಿಸೈನ್ ಹತ್ರ, ಅದು ರಿಜಿಸ್ಟ್ರಿ. ನಾವು ದುಡ್ಡು ಕಟ್ಟೋ ಕಂಪನಿ ರಿಜಿಸ್ಟ್ರಾರು, ಅಂದ್ರೆ ಮಧ್ಯದವ್ರು. ವೆರಿಸೈನ್ ಎಲ್ಲ ರಿಜಿಸ್ಟ್ರಾರಿಗೂ ಒಂದೇ ಸಗಟು ಬೆಲೆ ಹಾಕತ್ತೆ, ಮೇಲೆ ಐಕ್ಯಾನ್‌ಗೆ (ಡೊಮೈನ್ ವ್ಯವಸ್ಥೆಗೆ ರೂಲ್ ಮಾಡೋ ಸಂಸ್ಥೆ) ಅಂತ ಚಿಲ್ಲರೆ ಫೀಸು. ಹಂಗಾಗಿ ಅದೇ ಡಾಟ್ ಕಾಮನ್ನ ಒಬ್ರು ಅರ್ಧ ರೇಟಿಗೆ ಕೊಡ್ತೀವಿ ಅಂದ್ರೆ ಅವರು ಕೈಯಿಂದ ಹಾಕಿ ಕೊಡ್ತಿದಾರೆ ಅಂತಾನೇ ಅರ್ಥ, ಮತ್ತೆ ಯಾರೂ ಸುಮ್‌ಸುಮ್ನೆ ಕೈಯಿಂದ ಹಾಕಲ್ಲ. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ ಅನ್ನೋದೇ ಅವರ ಲೆಕ್ಕ, ಎರಡನೇ ವರ್ಷ ರಿನ್ಯೂವಲ್‌ಗೆ ಬರ್ಲೇಬೇಕಲ್ಲ.

ನಾನು ಆ ಹೋಸ್ಟಿಂಗ್ ಕಂಪನಿಗೆ ಬಿದ್ದಿದ್ದೇ ಹಂಗೆ. 2017ರಲ್ಲಿ, ಹೋಸ್ಟಿಂಗ್ ತಗೊಂಡ್ರೆ ಡೊಮೈನ್ ಒಂದು ವರ್ಷ ಫ್ರೀ ಅಂತ ಇತ್ತು, ತಗೊಂಡೆ. ಕಾರ್ಟ್‌ಗೆ ಹೋದ್ರೆ ಪ್ರೈವೆಸಿ (ನಮ್ಮ ವಿವರ ಹೊರಗಿನೋರಿಗೆ ಕಾಣದಂಗೆ ಮುಚ್ಚೋದು), ಬ್ಯಾಕಪ್, ಇನ್ನೊಂದು ಮತ್ತೊಂದು ಎಲ್ಲಾದಕ್ಕೂ ಅವರೇ ಟಿಕ್ ಹಾಕಿಟ್ಟಿದ್ರು, ನಾನು ಒಂದೊಂದಾಗಿ ತೆಗೀತಾ ಜಾಣ ಅನ್ಕೊಂಡು ಪ್ರೈವೆಸಿನೂ ತೆಗೆದೆ. ಆಗಿನ್ನೂ ಯುರೋಪಿನ ಜಿಡಿಪಿಆರ್ (ವೈಯಕ್ತಿಕ ಮಾಹಿತಿ ಕಾಪಾಡೋ ಕಾನೂನು) ಜಾರಿಗೆ ಬಂದಿರ್ಲಿಲ್ಲ, ಅದು ಬಂದಿದ್ದು 2018ರ ಮೇ 25ಕ್ಕೆ, ಅದಕ್ಕೂ ಮುಂಚೆ ಹೂಈಸ್ ಅನ್ನೋ ಡೊಮೈನ್ ಮಾಲೀಕರ ಪಟ್ಟೀಲಿ ನಮ್ಮ ಹೆಸರು, ಅಡ್ರೆಸ್, ಫೋನ್ ನಂಬರ್ ಎಲ್ಲಾ ಯಾರು ಬೇಕಾದ್ರೂ ನೋಡ್ಬಹುದಿತ್ತು. ಎರಡೇ ದಿನಕ್ಕೆ ಫೋನ್ ಶುರು, ನಿಮ್ಮ ವೆಬ್‌ಸೈಟ್ ನಾವು ಮಾಡ್ಕೊಡ್ತೀವಿ, ಲೋಗೋ ಬೇಕಾ, ಆ್ಯಪ್ ಬೇಕಾ. ಕೆಲವು ತಿಂಗಳು ಬಿಟ್ಟು ಥೇಟ್ ಬಿಲ್ ತರಾನೇ ಕಾಣೋ ಮೇಲ್ ಬಂತು, ನಿಮ್ಮ ಡೊಮೈನ್ ಮುಗೀತಿದೆ ಈಗ್ಲೇ ಕಟ್ಟಿ ಅಂತ, ಕಳ್ಸಿದ್ದೋರು ನಂಗೆ ಸಂಬಂಧಾನೇ ಇಲ್ಲದ ಬೇರೆ ಯಾರೋ. ಈಗ ಹೆಚ್ಚಿನ ಕಡೆ ಮಾಹಿತಿ ಮುಚ್ಚೇ ಇರತ್ತೆ, ಹೂಈಸ್ ಜಾಗಕ್ಕೆ 2025ರ ಜನವರಿಯಿಂದ ಆರ್‌ಡಿಎಪಿ ಅನ್ನೋ ಹೊಸ ವ್ಯವಸ್ಥೆ ಬಂದಿದೆ, ಆದ್ರೂ ಪ್ರೈವೆಸಿಗೆ ಬೇರೆ ದುಡ್ಡು ಕೇಳೋರು ಸಿಕ್ಕಿದ್ರೆ ಅಲ್ಲಿಂದ ಎದ್ದು ಬನ್ನಿ ಅಂತೀನಿ. ಉಳಿದ ಮೂರೂ ಕಡೆ ಅದು ಫ್ರೀ.

ಎರಡನೇ ವರ್ಷದ ಬಿಲ್ ನೋಡಿ ಹೊರಡೋಣ ಅನ್ಕೊಂಡೆ. ಹೊರಡೋ ಮುಂಚೆ ಅಕೌಂಟಲ್ಲಿ ನನ್ನ ಹೆಸರಿನ ಸ್ಪೆಲ್ಲಿಂಗ್ ತಪ್ಪಿತ್ತಲ್ಲ, ಅದನ್ನ ಸರಿ ಮಾಡೋಣ ಅಂತ ಮಾಡ್ದೆ, ಅಲ್ಲೇ ಎಡವಟ್ಟಾಗಿದ್ದು. ಮಾಲೀಕರ ಹೆಸರು ಬದಲಾದ್ರೆ 60 ದಿನ ಟ್ರಾನ್ಸ್‌ಫರ್ ಲಾಕ್ ಬೀಳತ್ತೆ, ಅಂದ್ರೆ ಅಲ್ಲೀವರೆಗೆ ಬೇರೆ ರಿಜಿಸ್ಟ್ರಾರ್ ಹತ್ರ ಒಯ್ಯೋಕಾಗಲ್ಲ. ಲಾಕ್ ಬೇಡ ಅನ್ನೋರಿಗೆ ಅಂತ ಅದೇ ಪೇಜಲ್ಲಿ ಒಂದು ಸಣ್ಣ ಟಿಕ್ ಇತ್ತಂತೆ, ನಾನು ನೋಡ್ಲಿಲ್ಲ, ತಪ್ಪು ನಂದೇ. 60 ದಿನ ಕಾದು ಆಮೇಲೆ ಆಥ್ ಕೋಡ್ ಕೇಳ್ದೆ. ಆ ಕೋಡ್ ಇಲ್ದೆ ಬೇರೆ ಕಡೆ ಹೋಗೋಕಾಗಲ್ಲ, ಕೇಳಿದ 5 ದಿನದೊಳಗೆ ಕೊಡ್ಬೇಕು ಅಂತ ಐಕ್ಯಾನ್ ರೂಲಿದೆ, ಇವರು ರೂಲ್ ಮುರೀಲಿಲ್ಲ, ಕರೆಕ್ಟಾಗಿ ಐದನೇ ದಿನ ಕೊಟ್ರು, ಅದೂ ಚಾಟಲ್ಲಿ ಮೂರು ಜನರ ಹತ್ರ ಯಾಕೆ ಹೋಗ್ತಿದೀರಿ, ಆಫರ್ ಕೊಡ್ತೀವಿ ಇರಿ ಅನ್ನಿಸ್ಕೊಂಡ ಮೇಲೆ. ಟ್ರಾನ್ಸ್‌ಫರ್ ಹಾಕಿದ್ಮೇಲೆ ಹಳೇ ರಿಜಿಸ್ಟ್ರಾರ್ ಸುಮ್ನೆ ಕೂತ್ರೆ ಮತ್ತೆ 5 ದಿನ. ನನ್ನ ಸೋಮಾರಿತನದ್ದು ಒಂದೈದು ದಿನ ಸೇರ್ಸಿದ್ರೆ ಎರಡೂವರೆ ತಿಂಗಳು ಲೆಕ್ಕ ಸರಿಹೋಯ್ತು.

ಅಲ್ಲಿಂದ ಬಂದಿದ್ದು ನೇಮ್‌ಚೀಪ್‌ಗೆ. ಅದರಲ್ಲಿ ಇದ್ದಷ್ಟು ದಿನ ಡೊಮೈನ್ ಬಗ್ಗೆ ಯೋಚ್ನೇನೇ ಮಾಡ್ಲಿಲ್ಲ, ರಿಜಿಸ್ಟ್ರಾರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ನಂಗೆ ಗೊತ್ತಿಲ್ಲ. ಹೊಸಬ್ರಿಗೆ ಪ್ಯಾನೆಲ್ ಅರ್ಥ ಆಗತ್ತೆ, ಲಾಕ್ ತೆಗೆಯೋ ಸ್ವಿಚ್ಚು, ಕೋಡ್ ಕೇಳೋ ಬಟನ್ನು ಎರಡೂ ಒಂದೇ ಜಾಗದಲ್ಲಿ, ಕೋಡ್ ಮೇಲ್‌ಗೆ ಬರತ್ತೆ. ಅವರು ಹೋಸ್ಟಿಂಗು, ಮೇಲು ಎಲ್ಲಾ ಮಾರ್ತಾರೆ, ಹಂಗಾಗಿ ಕಾರ್ಟಲ್ಲಿ ಇದೂ ತಗೊಳಿ ಅದೂ ತಗೊಳಿ ಇರತ್ತೆ. ರೇಟು ಮಧ್ಯಮ.

ಕ್ಲೌಡ್‌ಫ್ಲೇರ್ ಲೆಕ್ಕಾನೇ ಬೇರೆ. 2018ರಲ್ಲಿ ರಿಜಿಸ್ಟ್ರಾರ್ ಶುರು ಮಾಡ್ದಾಗ್ಲೇ ಹೇಳಿದ್ರು, ರಿಜಿಸ್ಟ್ರಿ ಎಷ್ಟು ತಗೊಳತ್ತೋ ಅಷ್ಟೇ ನಾವೂ ತಗೊಳೋದು, ಮೇಲೆ ಲಾಭ ಇಡಲ್ಲ ಅಂತ. ಮೊದಲ ವರ್ಷ ಡಿಸ್ಕೌಂಟ್ ಇಲ್ಲ, ಎರಡನೇ ವರ್ಷ ಶಾಕ್ ಇಲ್ಲ, ಕಾರ್ಟಲ್ಲಿ ಕಾಟ ಇಲ್ಲ. ಆದ್ರೆ ಒಂದು ಷರತ್ತು, ನೇಮ್‌ಸರ್ವರ್ (ಈ ಹೆಸರಿನ ಸೈಟು, ಮೇಲು ಎಲ್ಲಿದೆ ಅಂತ ಕೇಳಿದೋರಿಗೆ ಹೇಳೋ ಸರ್ವರ್) ಅವರದ್ದೇ ಇರ್ಬೇಕು, ಸಾಮಾನ್ಯ ಅಕೌಂಟಲ್ಲಿ ಬೇರೆಯವರದ್ದು ಹಾಕೋಕಾಗಲ್ಲ. ಡಿಎನ್ಎಸ್, ಅಂದ್ರೆ ಯಾವ್ದು ಎಲ್ಲಿದೆ ಅನ್ನೋ ಆ ಪಟ್ಟಿ, ಹೆಂಗಿದ್ರೂ ಅಲ್ಲೇ ಇದೆ ಅನ್ನೋರಿಗೆ ಇದು ಲೆಕ್ಕಕ್ಕೇ ಬರಲ್ಲ, ಡಿಎನ್ಎಸ್ ಬೇರೆ ಕಡೆ ಇಡೋರಿಗೆ ಇದೊಂದೇ ಸಾಕು ಬೇಡ ಅನ್ನೋಕೆ. ಎಲ್ಲಾ ಎಕ್ಸ್‌ಟೆನ್ಷನ್ನೂ (ಹೆಸರಿನ ಕೊನೇಲಿ ಬರೋ ಡಾಟ್ ಕಾಮ್ ತರದ್ದು) ಅಲ್ಲಿ ಸಿಗಲ್ಲ, ಅದನ್ನೂ ಮೊದ್ಲೇ ನೋಡ್ಕೊಳಿ.

ಮೇಲ್ ಡೊಮೈನನ್ನ ಅಲ್ಲಿಗೆ ತಗೊಂಡು ಹೋಗೋವಾಗ ನಾನು ಮಾಡ್ಕೊಂಡ ತರ್ಲೆ ಹೇಳ್ತೀನಿ, ಯಾಕಂದ್ರೆ ಯಾವ ರಿಜಿಸ್ಟ್ರಾರಿಗೆ ಹೋದ್ರೂ ಇದು ಆಗ್ಬಹುದು. ಕ್ಲೌಡ್‌ಫ್ಲೇರ್‌ಗೆ ಹೋಗೋಕೆ ಮೊದ್ಲು ನೇಮ್‌ಸರ್ವರ್ ಬದ್ಲಾಯಿಸ್ಬೇಕು, ಆಮೇಲೆ ಟ್ರಾನ್ಸ್‌ಫರ್. ಹಳೇ ಕಡೆ ಡಿಎನ್ಎಸ್‌ಸೆಕ್ (ಡಿಎನ್ಎಸ್ ಉತ್ರ ಅಸಲಿನಾ ಅಂತ ಪರೀಕ್ಷೆ ಮಾಡೋಕೆ ಹಾಕೋ ಬೀಗ) ಆನ್ ಇತ್ತು, ಅದನ್ನ ಆಫ್ ಮಾಡ್ದೇನೇ ನೇಮ್‌ಸರ್ವರ್ ಬದಲಾಯಿಸ್ಬಿಟ್ಟೆ. ಡಾಟ್ ಕಾಮ್ ರಿಜಿಸ್ಟ್ರೀಲಿ ಹಳೇ ಬೀಗದ ಗುರುತು, ಅಂದ್ರೆ ಡಿಎಸ್ ರೆಕಾರ್ಡ್, ಹಂಗೇ ಉಳೀತು, ಹೊಸ ಸರ್ವರ್ ಹತ್ರ ಆ ಬೀಗಕ್ಕೆ ಕೀಲೀನೇ ಇಲ್ಲ, ಇದು ನಕಲಿ ಇರ್ಬೇಕು ಅಂತ ಚೆಕ್ ಮಾಡೋ ರಿಸಾಲ್ವರ್‌ಗಳೆಲ್ಲಾ (ನಮ್ಮ ಪರವಾಗಿ ಡಿಎನ್ಎಸ್ ಕೇಳಿ ತಿಳ್ಸೋ ಸರ್ವರ್‌ಗಳು) ಉತ್ರ ಕೊಡೋದೇ ನಿಲ್ಲಿಸಿದ್ವು. ನನ್ನ ಫೋನಲ್ಲಿ ಸೈಟ್ ಬರ್ತಿತ್ತು, ಲ್ಯಾಪ್‌ಟಾಪಲ್ಲಿ ಬರ್ತಿರ್ಲಿಲ್ಲ, ಮೇಲ್ ಕೆಲವರದ್ದು ಬರ್ತಿತ್ತು ಕೆಲವರದ್ದು ಇಲ್ಲ, ತಲೆ ಕೆಟ್ಟು ಹೋಯ್ತು. ಗೊತ್ತಾದ್ಮೇಲೆ ತೆಗ್ದೆ, ಆದ್ರೂ ಆ ಡಿಎಸ್ ರೆಕಾರ್ಡ್ ರಿಸಾಲ್ವರ್‌ಗಳ ನೆನಪಲ್ಲಿ, ಅಂದ್ರೆ ಕ್ಯಾಶ್‌ನಲ್ಲಿ, ಒಂದು ದಿನದವರೆಗೂ ಇರತ್ತೆ, ಸುಮ್ನೆ ಕೂತು ಕಾಯ್ಬೇಕಷ್ಟೇ. ಹಂಗಾಗಿ ಮೊದ್ಲು ಡಿಎನ್ಎಸ್‌ಸೆಕ್ ಆಫ್, ಒಂದೆರಡು ದಿನ ಬಿಟ್ಟು ನೇಮ್‌ಸರ್ವರ್, ಎಲ್ಲಾ ಮುಗಿದ್ಮೇಲೆ ಹೊಸ ಕಡೆ ಮತ್ತೆ ಆನ್.

ಪೋರ್ಕ್‌ಬನ್ ಹೆಸರು ಕೇಳಿ ಇದ್ಯಾವ್ದಪ್ಪಾ ಆಟದ ಕಂಪನಿ ಅನ್ಕೊಂಡಿದ್ದೆ. ಆದ್ರೆ ಅವರ ರೇಟಿನ ಪೇಜ್ ನೋಡಿ ಮನಸ್ಸು ಬದಲಾಯ್ತು, ಪ್ರತಿ ಎಕ್ಸ್‌ಟೆನ್ಷನ್ ಮುಂದೆ ರಿಜಿಸ್ಟ್ರೇಷನ್ ಎಷ್ಟು, ರಿನ್ಯೂವಲ್ ಎಷ್ಟು, ಟ್ರಾನ್ಸ್‌ಫರ್ ಎಷ್ಟು ಅಂತ ಮೂರೂ ಪಕ್ಕಪಕ್ಕದಲ್ಲೇ ಹಾಕಿದಾರೆ. ರಿನ್ಯೂವಲ್ ರೇಟನ್ನ ಹುಡುಕಿಸೋ ಕಂಪನಿಗೂ ಎದುರಿಗೇ ಇಡೋ ಕಂಪನಿಗೂ ಇರೋ ವ್ಯತ್ಯಾಸ ನಂಗೆ ಅಲ್ಲೇ ಗೊತ್ತಾಗೋಯ್ತು. ಕ್ಲೌಡ್‌ಫ್ಲೇರ್‌ಗಿಂತ ಡಾಟ್ ಕಾಮ್ ಸ್ವಲ್ಪ ಜಾಸ್ತಿ, ಆ ಜಾಸ್ತಿಗೆ ನೇಮ್‌ಸರ್ವರ್ ಯಾರದ್ದು ಬೇಕಾದ್ರೂ ಹಾಕ್ಕೊಳೋ ಸ್ವಾತಂತ್ರ್ಯ ಸಿಗತ್ತೆ. ಮೇಲ್ ಫಾರ್ವರ್ಡಿಂಗ್ ಫ್ರೀ. ಆಥ್ ಕೋಡ್ ಪ್ಯಾನೆಲಲ್ಲೇ ಸಿಗತ್ತೆ, ಯಾರ ಹತ್ರಾನೂ ಕೇಳ್ಬೇಕಾಗಿಲ್ಲ, ನಾನು ಸುಮ್ನೆ ಟೆಸ್ಟಿಗೆ ಅಂತ ತೆಗೆದು ನೋಡ್ದೆ, ಒಂದು ನಿಮಿಷಾನೂ ಆಗ್ಲಿಲ್ಲ.

ರೇಟ್ ಹೋಲಿಸೋವಾಗ ನಾನು ಮಾಡೋದು ಇಷ್ಟು, ಮೊದಲ ವರ್ಷದ್ದು, ಆಮೇಲಿನ ನಾಲ್ಕು ವರ್ಷದ ರಿನ್ಯೂವಲ್ಲು, ಪ್ರೈವೆಸಿ ಬೇರೆ ಇದ್ರೆ ಅದು, ಎಲ್ಲಾ ಕೂಡಿ ಐದು ವರ್ಷದ್ದು ಒಂದೇ ಮೊತ್ತ ಬರ್ಕೊಳೋದು. ಹಂಗೆ ಬರೆದ್ರೆ ಮೊದಲ ವರ್ಷ ಫ್ರೀ ಕೊಟ್ಟಿದ್ದ ಆ ಹೋಸ್ಟಿಂಗ್ ಕಂಪನಿನೇ ನನ್ನ ಪಟ್ಟೀಲಿ ಎಲ್ಲಕ್ಕಿಂತ ದುಬಾರಿ ಆಯ್ತು, ಕ್ಲೌಡ್‌ಫ್ಲೇರ್ ಅಗ್ಗ, ಪೋರ್ಕ್‌ಬನ್ ಅದರ ಬೆನ್ನಲ್ಲೇ, ನೇಮ್‌ಚೀಪ್ ಮಧ್ಯದಲ್ಲಿ. ಟ್ರಾನ್ಸ್‌ಫರ್‌ಗೆ ಕಟ್ಟೋ ದುಡ್ಡು ದಂಡ ಅಲ್ಲ, ಡಾಟ್ ಕಾಮ್‌ಗೆ ಇರೋ ಅವಧಿಗೆ ಒಂದು ವರ್ಷ ಸೇರತ್ತೆ, ಒಟ್ಟು 10 ವರ್ಷ ದಾಟಬಾರ್ದು ಅಷ್ಟೇ. ಹೊಸದಾಗಿ ತಗೊಂಡ ಡೊಮೈನನ್ನ ಮಾತ್ರ ಮೊದಲ 60 ದಿನ ಬೇರೆ ಕಡೆ ಒಯ್ಯೋಕಾಗಲ್ಲ.

ಹೆಸರಿನ ಬಗ್ಗೆ ಜಾಸ್ತಿ ಹೇಳಲ್ಲ, ಫೋನಲ್ಲಿ ಒಂದ್ಸಲ ಹೇಳಿದ್ರೆ ಎದುರಿಗಿರೋರು ಸರಿಯಾಗಿ ಟೈಪ್ ಮಾಡ್ಬೇಕು, ಅಷ್ಟಿದ್ರೆ ಸಾಕು. ನಮ್ಮ ಹೆಸರುಗಳಿಗೆ ಇದೇ ಕಷ್ಟ, ಶ್ರೀ ಅನ್ನೋದಕ್ಕೆ ಒಬ್ರು ಎಸ್ ಆರ್ ಐ ಹಾಕ್ತಾರೆ, ಇನ್ನೊಬ್ರು ಎಸ್ ಎಚ್ ಆರ್ ಇ ಇ ಹಾಕ್ತಾರೆ, ದೀರ್ಘ ಬಂದ್ರೆ ಎರಡು ಎ ಹಾಕೋದಾ ಒಂದಾ ಅಂತ ಬೇರೆ. ಆಗೋ ಹಂಗಿದ್ರೆ ಎರಡು ಸ್ಪೆಲ್ಲಿಂಗೂ ತಗೊಂಡು ಒಂದನ್ನ ಇನ್ನೊಂದಕ್ಕೆ ರೀಡೈರೆಕ್ಟ್ ಮಾಡ್ಬಿಡಿ. ಎಕ್ಸ್‌ಟೆನ್ಷನ್ ವಿಷ್ಯಕ್ಕೆ ಬಂದ್ರೆ, ಎರಡಕ್ಷರದ್ದೆಲ್ಲಾ ಒಂದೊಂದು ದೇಶದ್ದೋ ಪ್ರದೇಶದ್ದೋ ಕೋಡು, ನೋಡೋಕೆ ಎಷ್ಟು ಸ್ಟೈಲಾಗಿದ್ರೂ ಆ ಜಾಗದ ಹಣೆಬರಹಕ್ಕೆ ಕಟ್ಟುಬಿದ್ದಿರತ್ತೆ. ಯುಗೊಸ್ಲಾವಿಯಾದ ಡಾಟ್ ವೈಯು 2010ರಲ್ಲಿ ಪೂರ್ತಿ ತೆಗೆದುಹಾಕಿದ್ರು, ಬ್ರಿಟನ್ನು ಯುರೋಪಿಯನ್ ಯೂನಿಯನ್ ಬಿಟ್ಟಾಗ ಅಲ್ಲಿನ ಎಷ್ಟೋ ಜನ ಡಾಟ್ ಇಯು ಕಳ್ಕೊಂಡ್ರು. ಜೀವನ ಪೂರ್ತಿ ಇಟ್ಕೊಳೋ ಮೇಲ್ ಅಡ್ರೆಸ್ಸಿಗೆ ನಂಗೆ ಡಾಟ್ ಕಾಮೇ ಸರಿ, ಬೋರ್ ಹೊಡ್ಸಿದ್ರೂ ಪರ್ವಾಗಿಲ್ಲ.

ಎಲ್ಲಿ ತಗೊಂಡ್ರೂ ಮೇಲ್ ವೆರಿಫೈ ಮಾಡಿ ಅಂತ ಒಂದು ಲಿಂಕ್ ಬರತ್ತೆ, 15 ದಿನದಲ್ಲಿ ಒತ್ತದಿದ್ರೆ ಡೊಮೈನ್ ಸಸ್ಪೆಂಡ್ ಆಗತ್ತೆ, ಸ್ಪ್ಯಾಮ್ ಫೋಲ್ಡರ್ ನೋಡಿ. ಮತ್ತೆ ರಿಜಿಸ್ಟ್ರಾರ್ ಅಕೌಂಟಿನ ಲಾಗಿನ್‌ಗೆ ಅದೇ ಡೊಮೈನಿನ ಮೇಲ್ ಕೊಡ್ಬೇಡಿ, ಡೊಮೈನ್ ನಿಂತ್ರೆ ಮೇಲೂ ನಿಲ್ಲತ್ತೆ, ಆಮೇಲೆ ಪಾಸ್‌ವರ್ಡ್ ರೀಸೆಟ್ ಲಿಂಕ್ ಬರೋದು ಎಲ್ಲಿಗೆ? ಕಾರಿನೊಳಗೇ ಕೀ ಬಿಟ್ಟು ಡೋರ್ ಹಾಕ್ಕೊಂಡ ಹಂಗೆ. ಅವಧಿ ಮುಗಿದ್ರೂ ಡಾಟ್ ಕಾಮ್ ತಕ್ಷಣ ಹೋಗ್ಬಿಡಲ್ಲ, ಎಷ್ಟು ದಿನ ಅನ್ನೋದು ರಿಜಿಸ್ಟ್ರಾರ್ ಯಾರು ಅನ್ನೋದರ ಮೇಲೆ ಹೋಗತ್ತೆ, ಹೆಚ್ಚಂದ್ರೆ 45 ದಿನ ಗ್ರೇಸ್, ಆಮೇಲೆ 30 ದಿನ ರಿಡೆಂಪ್ಷನ್, ಅಷ್ಟೊತ್ತಿಗೆ ಬಿಡಿಸ್ಕೊಳೋಕೆ ದಂಡ ಜೋರಾಗೇ ಬೀಳತ್ತೆ, ಕೊನೇಗೆ 5 ದಿನ ಡಿಲೀಟ್ ಆಗೋಕೆ, ಆಮೇಲೆ ಯಾರ ಕೈಗೆ ಸಿಗತ್ತೋ ಅವರದ್ದು. ಗ್ರೇಸ್ ಇದೆ ಅಂತ ಕೂರ್ಬೇಡಿ, ಹರಾಜಿಗೆ ಹಾಕೋ ರಿಜಿಸ್ಟ್ರಾರ್‌ಗಳೂ ಇದಾರೆ.

ಈಗಿನ ನನ್ನ ವ್ಯವಸ್ಥೆ ಹೇಳ್ಬಿಡ್ತೀನಿ. ಮೇಲ್ ಡೊಮೈನ್ ಕ್ಲೌಡ್‌ಫ್ಲೇರಲ್ಲಿ, ಅದರ ಡಿಎನ್ಎಸ್ ಅಲ್ಲಿಂದ ತೆಗೆಯೋ ಯೋಚ್ನೆ ಇಲ್ಲ. ಹೆಸರಿನ ಡೊಮೈನ್ ಪೋರ್ಕ್‌ಬನ್‌ನಲ್ಲಿ, ಸೈಟನ್ನ ಅಲ್ಲಿಂದಿಲ್ಲಿಗೆ ಎತ್ತಾಕೋ ಚಟ ನಂಗಿದೆ, ನೇಮ್‌ಸರ್ವರ್ ಕೈಯಲ್ಲಿದ್ರೆ ಒಳ್ಳೇದು. ಬೇಕಂತಾನೇ ಎರಡನ್ನೂ ಬೇರೆಬೇರೆ ಕಡೆ ಇಟ್ಟಿದೀನಿ, ಒಂದು ಅಕೌಂಟ್ ಲಾಕ್ ಆದ್ರೂ ಇನ್ನೊಂದು ನಡೀಲಿ ಅಂತ. ಫಸ್ಟ್ ಟೈಮ್ ತಗೊಳೋರು ಕೇಳಿದ್ರೆ ಪೋರ್ಕ್‌ಬನ್ ಅಂತೀನಿ. 2023ರಲ್ಲಿ ಗೂಗಲ್ಲೇ ತನ್ನ ಡೊಮೈನ್ಸ್ ವ್ಯವಹಾರ ಪೂರ್ತಿ ಸ್ಕ್ವೇರ್‌ಸ್ಪೇಸ್‌ಗೆ ಮಾರ್ತು, ಹಂಗಾಗಿ ಇವತ್ತು ಚೆನ್ನಾಗಿರೋ ಕಂಪನಿ ನಾಳೆ ಯಾರದ್ದಾಗತ್ತೋ, ಹೊರಗೆ ಹೋಗೋಕೆ ಬೇಕಾದ ಆಥ್ ಕೋಡ್ ಪೋರ್ಕ್‌ಬನ್‌ನಲ್ಲಿ ಒಂದು ನಿಮಿಷದಲ್ಲಿ ಸಿಗತ್ತಲ್ಲ, ಅದಕ್ಕೋಸ್ಕರ.

ಖಾಲಿ ಬಿದ್ದಿರೋ ಮೂರನೇದು ನೇಮ್‌ಚೀಪಲ್ಲೇ ಇದೆ. ಹೋದ ವಾರ ಅದರ ಆಟೋ ರಿನ್ಯೂ ಆಫ್ ಮಾಡೇಬಿಡ್ತೀನಿ ಅಂತ ಲಾಗಿನ್ ಆದೆ, ಇನ್ನೊಂದು ವರ್ಷಕ್ಕೆ ಕಟ್ಟಿ ಬಂದೆ.