ಇಡೀ ಪುಸ್ತಕ ಸಾಗಿಸುವುದೋ, ಒಂದೊಂದು ನಮೂದು ಸಾಗಿಸುವುದೋ?

ಕಂಪ್ಯೂಟರಿನಲ್ಲಿ ಇಡುವ ನನ್ನ ಲೆಕ್ಕದ ಪುಸ್ತಕದಿಂದ ಹದಿನೇಳು ನಮೂದುಗಳು ಕಾಣೆಯಾಗಿರುವುದು ಗೊತ್ತಾದದ್ದು ತಿಂಗಳ ಕೊನೆಯಲ್ಲಿ, ಬ್ಯಾಂಕಿನ ಪಟ್ಟಿಯ ಜೊತೆ ತಾಳೆ ನೋಡುವಾಗ. ನಾನೇ ಕೂತು ಬರೆದ ಖರ್ಚುಗಳು. ಬರೆದ ನೆನಪಿದೆ, ಪುಸ್ತಕದಲ್ಲಿ ಇಲ್ಲ. ಅಂದಿನಿಂದ ಡೆಸ್ಕ್‌ಟಾಪಿನ ಲೆಕ್ಕವನ್ನು ಕ್ಲೌಡ್ ಜೊತೆ ಸಿಂಕ್ ಮಾಡುವ, ಅಂದರೆ ಎಲ್ಲ ಯಂತ್ರಗಳಲ್ಲೂ ಒಂದೇ ಲೆಕ್ಕ ಇರುವಂತೆ ನೋಡಿಕೊಳ್ಳುವ, ಬೇರೆ ದಾರಿಗಳನ್ನು ಒಂದೊಂದಾಗಿ ಬಳಸಿ ನೋಡಿದೆ. ಈಗ ಆಕ್ಚುಯಲ್ ಬಜೆಟ್ ಎಂಬ ಲೆಕ್ಕದ ತಂತ್ರಾಂಶದಲ್ಲಿ ನೆಲೆ ನಿಂತಿದ್ದೇನೆ. ಪಕ್ಷಪಾತ ಇರುವುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಾನು ಕೈಸುಟ್ಟುಕೊಂಡದ್ದು ಎಲ್ಲರಿಗೂ ಮೊದಲು ಹೊಳೆಯುವ ದಾರಿಯಲ್ಲಿ: ಲೆಕ್ಕದ ಫೈಲನ್ನು ಕ್ಲೌಡ್ ಫೋಲ್ಡರಿನೊಳಗೆ ಇಟ್ಟುಬಿಡುವುದು. ಹೊಸದೇನೂ ಕಲಿಯಬೇಕಿಲ್ಲ, ಹೆಚ್ಚು ದುಡ್ಡೂ ಬೇಡ. ವರ್ಷಕ್ಕೂ ಮೀರಿ ಸುಖವಾಗಿಯೇ ನಡೆಯಿತು. ಒಂದು ಶುಕ್ರವಾರ ಲ್ಯಾಪ್‌ಟಾಪಿನಲ್ಲಿ ಲೆಕ್ಕ ತೆರೆದಿದ್ದವನು ಅದನ್ನು ಮುಚ್ಚದೆ ಹಾಗೆಯೇ ಮಡಚಿಟ್ಟೆ. ಶನಿವಾರ, ಭಾನುವಾರ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಆ ಹದಿನೇಳು ನಮೂದುಗಳನ್ನು ಬರೆದೆ. ಸೋಮವಾರ ಲ್ಯಾಪ್‌ಟಾಪ್ ಎಚ್ಚೆತ್ತ ಕೂಡಲೇ ಕ್ಲೌಡ್ ಫೋಲ್ಡರು ಭಾನುವಾರದ ಹೊಸ ಫೈಲನ್ನು ನಿಷ್ಠೆಯಿಂದ ತಂದಿಟ್ಟಿತು. ಆದರೆ ತೆರೆದೇ ಇದ್ದ ತಂತ್ರಾಂಶದ ಮೆಮೊರಿಯಲ್ಲಿ ಇದ್ದದ್ದು ಶುಕ್ರವಾರದ ಪುಸ್ತಕ. ನಾನು ಒಂದು ಖರ್ಚು ಬರೆದೆ. ಕೆಲವೇ ನಿಮಿಷಗಳಲ್ಲಿ ಅದು ತಾನಾಗಿ ಉಳಿಸಿಕೊಂಡಿತು, ಭಾನುವಾರದ ಫೈಲಿನ ಮೇಲೆಯೇ. ಫೋಲ್ಡರಿನ ಕಣ್ಣಿಗೆ ಇದು ತಕರಾರೇ ಅಲ್ಲ. ಈಗತಾನೇ ಬದಲಾದ ಫೈಲು, ಹಾಗಾಗಿ ಇದೇ ಹೊಸದು. ಎಲ್ಲ ಕಡೆಗೂ ಅದನ್ನೇ ಹಂಚಿತು.

ಅಂದು ಇಂಟರ್ನೆಟ್ ಇಲ್ಲದಿದ್ದರೇ ವಾಸಿಯಿತ್ತು. ಹೊಸ ಫೈಲು ಬರುವ ಮೊದಲೇ ಹಳೆಯದರಲ್ಲಿ ಬದಲಾವಣೆಯಾಗಿದ್ದರೆ ಇಂಥ ಸೇವೆಗಳು ಸಾಮಾನ್ಯವಾಗಿ ‘ಸಂಘರ್ಷದ ಪ್ರತಿ’ ಎಂದು ಇನ್ನೊಂದು ಫೈಲನ್ನು ಪಕ್ಕದಲ್ಲಿ ಇಡುತ್ತವೆ. ಅದನ್ನು ಕಂಡಾದರೂ ಎದೆ ಧಸಕ್ಕೆನ್ನುತ್ತಿತ್ತು. ನನಗೆ ಆ ಭಾಗ್ಯವೂ ಇರಲಿಲ್ಲ.

ಇದನ್ನು ತಡೆಯಲು ಬೀಗ ಇರುವುದಿಲ್ಲವೇ? ಇರುತ್ತದೆ. ಗ್ನೂಕ್ಯಾಶ್‌ನಂಥ ಲೆಕ್ಕದ ತಂತ್ರಾಂಶಗಳು ಲೆಕ್ಕ ತೆರೆದಾಗ ಅದರ ಪಕ್ಕದಲ್ಲಿ ಒಂದು ಸಣ್ಣ ಬೀಗದ ಫೈಲನ್ನೂ ಇಡುತ್ತವೆ. ಆದರೆ ಕಂಪ್ಯೂಟರ್ ಅರ್ಧಕ್ಕೆ ನಿಂತುಹೋದರೆ ಬೀಗ ಹಾಗೆಯೇ ಉಳಿಯುತ್ತದೆ. ಮುಂದಿನ ಸಲ ‘ಬೇರೆ ಯಾರೋ ಬಳಸುತ್ತಿದ್ದಾರೆ’ ಎಂಬ ಎಚ್ಚರಿಕೆ. ಅದು ಸುಳ್ಳೆಂದು ಹತ್ತಾರು ಸಲ ಕಂಡಿದ್ದ ನನ್ನ ಬೆರಳು ‘ಆದರೂ ತೆರೆ’ ಎಂಬುದನ್ನು ಓದದೆಯೇ ಒತ್ತುವುದಕ್ಕೆ ಪಳಗಿತ್ತು. ಆ ಶನಿವಾರವೂ ಒತ್ತಿದ್ದೆ. ತಪ್ಪಿನಲ್ಲಿ ಅರ್ಧ ನನ್ನದೇ.

ಹಳೆಯ ಆವೃತ್ತಿ ಕ್ಲೌಡಿನಲ್ಲಿ ಸಿಕ್ಕಿತು, ನಿಜ. ಆದರೆ ಅಷ್ಟರಲ್ಲಿ ಸೋಮವಾರದಿಂದಾಚೆಗಿನ ಮೂರು ವಾರದ ಲೆಕ್ಕ ಇನ್ನೊಂದು ಪುಸ್ತಕದಲ್ಲಿ ಬೆಳೆದಿತ್ತು. ಎರಡನ್ನೂ ಬೆಸೆಯುವ ಗುಂಡಿ ಯಾವುದೂ ಇರಲಿಲ್ಲ. ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಹದಿನೇಳನ್ನೂ ಕೈಯಾರೆ ಮತ್ತೆ ಬರೆದೆ.

ಇದೇ ದಾರಿಯಲ್ಲಿರುವವರಿಗೆ ಇನ್ನೊಂದು ಮಾತು. ನಿಮ್ಮ ತಂತ್ರಾಂಶ ಮಾಹಿತಿ ಇಡಲು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬಳಸುತ್ತಿದ್ದರೆ, ತೀರಾ ಇತ್ತೀಚಿನ ಬದಲಾವಣೆಗಳು ಮುಖ್ಯ ಫೈಲಿನಲ್ಲಿ ಇರದೆ ಪಕ್ಕದ ‘ವಾಲ್’ (WAL) ಎಂಬ ತಾತ್ಕಾಲಿಕ ಫೈಲಿನಲ್ಲಿ ಇರಬಹುದು. ಒಂದು ಹೋಗಿ ಇನ್ನೊಂದು ಹಿಂದೆ ಬಿದ್ದರೆ ಲೆಕ್ಕವೇ ಕೆಡಬಹುದು. ಮುಚ್ಚಿದ ಮೇಲೆಯೇ ಸಿಂಕ್ ಆಗಲಿ.

ಎರಡನೆಯ ದಾರಿ, ತಂತ್ರಾಂಶದ ತಯಾರಕರದೇ ಕ್ಲೌಡ್. ಮುಖ್ಯ ಪುಸ್ತಕ ಡೆಸ್ಕ್‌ಟಾಪಿನಲ್ಲಿ, ಅದರ ಒಂದು ಪ್ರತಿಬಿಂಬ ಅವರ ಸರ್ವರಿನಲ್ಲಿ, ಫೋನಿಗೆ ಕಾಣುವುದು ಆ ಪ್ರತಿಬಿಂಬ. ನಾನು ಬಳಸಿದ್ದರ ಹೆಸರು ಬೇಡ. ಫೋನಿನಲ್ಲಿ ಬರೆದ ಖರ್ಚೂ ಬ್ಯಾಂಕಿನಿಂದ ಇಳಿದ ಅದೇ ಖರ್ಚೂ ಬೇರೆ ಬೇರೆ ಎಂದು ಕೂತುಬಿಡುತ್ತಿದ್ದವು. ನಾನು ಬರೆದದ್ದು ಕೊಟ್ಟ ದಿನ, ಬ್ಯಾಂಕು ಬರೆದದ್ದು ಖಾತೆಯಿಂದ ಕಡಿತವಾದ ದಿನ. ಅಂಗಡಿಯ ಹೆಸರೂ ಬೇರೆ. ಕೇಳಿದರೆ ಒಂದೇ ಮದ್ದು: ಕ್ಲೌಡಿನ ಪ್ರತಿಯನ್ನು ಅಳಿಸಿ ಹೊಸದಾಗಿ ಕಳಿಸಿ. ಮೇಲಿಂದ ವರ್ಷವರ್ಷ ಚಂದಾ.

ಹೆಚ್‌ಲೆಡ್ಜರ್‌ನಂಥ ಬರಿಯ ಪಠ್ಯದ ಲೆಕ್ಕವನ್ನು ಗಿಟ್‌ನಲ್ಲಿ, ಅಂದರೆ ಫೈಲಿನ ಪ್ರತಿ ಬದಲಾವಣೆಯ ಇತಿಹಾಸ ಇಡುವ ತಂತ್ರಾಂಶದಲ್ಲಿ, ಇಡುವುದು ಮೂರನೆಯ ದಾರಿ. ಯಾವ ಸಾಲು ಯಾವಾಗ ಬದಲಾಯಿತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ತಮಾಷೆಯೆಂದರೆ ಲೆಕ್ಕ ಯಾವಾಗಲೂ ಕೊನೆಯಲ್ಲೇ ಬೆಳೆಯುತ್ತದೆ; ಎರಡು ಯಂತ್ರಗಳೂ ಒಂದೇ ಜಾಗದಲ್ಲಿ ಸಾಲು ಸೇರಿಸಿದಾಗ ಗಿಟ್ ಕೈಚೆಲ್ಲಿ ನಮ್ಮನ್ನೇ ಕೇಳುತ್ತದೆ. ಯಂತ್ರಕ್ಕೊಂದು ಫೈಲ್ ಮಾಡಿಕೊಂಡರೆ ಆ ಕಾಟ ತಪ್ಪುತ್ತದೆ. ಫೋನಿನಲ್ಲಿ ಮಾತ್ರ ನನ್ನ ಕೈಗೆ ಹತ್ತಲಿಲ್ಲ.

ಆಕ್ಚುಯಲ್‌ನಲ್ಲಿ ಪುಸ್ತಕ ಓಡಾಡುವುದೇ ಇಲ್ಲ, ಬದಲಾವಣೆ ಓಡಾಡುತ್ತದೆ. ಪೂರ್ತಿ ಪುಸ್ತಕ ಪ್ರತಿ ಸಾಧನದಲ್ಲೂ ಇರುತ್ತದೆ. ಒಂದು ಮೊತ್ತ ತಿದ್ದಿದರೆ, ಯಾವ ಸಾಲು, ಯಾವ ಕಾಲಂ, ಹೊಸದಾಗಿ ಬರೆದದ್ದು ಏನು, ಯಾವ ಹೊತ್ತು ಎಂಬ ಸಣ್ಣ ಚೀಟಿಯೊಂದು ಸರ್ವರಿಗೆ ಹೋಗುತ್ತದೆ. ಉಳಿದ ಸಾಧನಗಳು ತಮಗೆ ತಲುಪದ ಚೀಟಿಗಳನ್ನಷ್ಟೇ ತರಿಸಿಕೊಳ್ಳುತ್ತವೆ. ಇದನ್ನು ನಂಬದೆ ಪರೀಕ್ಷಿಸಿದೆ: ಎರಡೂ ಯಂತ್ರಗಳ ಇಂಟರ್ನೆಟ್ ಕಿತ್ತು, ಒಂದೇ ನಮೂದಿನ ಮೊತ್ತವನ್ನು ಒಂದರಲ್ಲಿ, ವರ್ಗವನ್ನು ಇನ್ನೊಂದರಲ್ಲಿ ತಿದ್ದಿದೆ. ಮತ್ತೆ ಜೋಡಿಸಿದಾಗ ಎರಡು ತಿದ್ದುಪಡಿಗಳೂ ಉಳಿದಿದ್ದವು. ಎರಡೂ ಕಡೆ ಮೊತ್ತವನ್ನೇ ತಿದ್ದಿದಾಗ ಕೊನೆಯದು ಗೆದ್ದಿತು, ಸದ್ದಿಲ್ಲದೆ. ಅಷ್ಟು ನಷ್ಟವನ್ನು ನಾನು ತಡೆದುಕೊಳ್ಳಬಲ್ಲೆ.

ಕುಂದುಗಳಿವೆ. 2022ರಲ್ಲಿ ಮುಕ್ತ ತಂತ್ರಾಂಶವಾದ ಮೇಲೆ ಸರ್ವರನ್ನು ನಾವೇ ನಡೆಸಬೇಕು, ಇಲ್ಲವೇ ಬೇರೆಯವರಲ್ಲಿ ಬಾಡಿಗೆಗೆ ಇಡಬೇಕು. ನನ್ನಲ್ಲಿ ಒಂದು ಹಳೆಯ ಕಂಪ್ಯೂಟರ್ ಸುಮ್ಮನೆ ಬಿದ್ದಿತ್ತು. ಪೂರ್ತಿ ಗೂಢಲಿಪಿಯಲ್ಲಿ ಇಡುವ ಆಯ್ಕೆ ಇದೆ, ಆದರೆ ಗುಪ್ತಪದ ಮರೆತರೆ ಸರ್ವರಿನಲ್ಲಿರುವುದು ನಿಮಗೂ ಓದಲು ಬರುವುದಿಲ್ಲ. ಷೇರುಗಳ ಲೆಕ್ಕಕ್ಕೆ ಇದು ಸಾಲದು. ಅದನ್ನು ಗ್ನೂಕ್ಯಾಶ್‌ನಲ್ಲಿ ಇಟ್ಟಿದ್ದೇನೆ, ಒಂದೇ ಯಂತ್ರದಲ್ಲಿ, ಸಿಂಕ್ ಇಲ್ಲದೆ.

ಒಂದೇ ಕಂಪ್ಯೂಟರಿನಲ್ಲಿ ವಾರಕ್ಕೊಮ್ಮೆ ಲೆಕ್ಕ ಬರೆಯುವವರಾದರೆ, ಮುಚ್ಚುವ ಶಿಸ್ತೂ ಇದ್ದರೆ, ಕ್ಲೌಡ್ ಫೋಲ್ಡರೇ ಸಾಕು. ನನಗೆ ಆ ಶಿಸ್ತು ಬರಲಿಲ್ಲ. ಮೊನ್ನೆಯೂ ಲೆಕ್ಕ ತೆರೆದಿಟ್ಟೇ ಲ್ಯಾಪ್‌ಟಾಪ್ ಮಡಚಿದ್ದೆ. ಎರಡು ದಿನ ಬಿಟ್ಟು ಬಿಚ್ಚಿದಾಗ, ಅಷ್ಟರಲ್ಲಿ ಫೋನಿನಲ್ಲಿ ಬರೆದಿದ್ದ ಒಂಬತ್ತು ಖರ್ಚುಗಳು ನನ್ನ ಕಣ್ಣೆದುರೇ ಒಂದೊಂದಾಗಿ ಬಂದು ಕೂತವು.