ಫ್ಲಟರ್ ಆ್ಯಪ್‌ಗೆ ಕೆವೈಸಿ ಸೇರಿಸುವ ಮೊದಲು ಇದನ್ನು ಓದಿ

"ಫ್ಲಟರ್ ಪ್ಲಗಿನ್ ರೆಡಿ ಇದೆ ಸಾರ್, ಎರಡು ದಿನದ ಕೆಲಸ." ಕೆವೈಸಿ, ಅಂದರೆ ಬಳಕೆದಾರರ ಗುರುತು ಪರಿಶೀಲಿಸುವ ಸೇವೆ ಮಾರುವವರು ಹೀಗೆ ಅಂದರೆ ದಯವಿಟ್ಟು ಅಲ್ಲೇ ತಡೆದು ಪ್ರಶ್ನೆ ಕೇಳಿ. (ಫ್ಲಟರ್ ಅಂದರೆ ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಒಎಸ್ ಎರಡಕ್ಕೂ ಆ್ಯಪ್ ಮಾಡುವ ಸಾಧನ, ಪ್ಲಗಿನ್ ಅಂದರೆ ಅದಕ್ಕೆ ಜೋಡಿಸುವ ಸಿದ್ಧ ಕೋಡ್.) ನಮ್ಮ ಕಂಪನಿಗೂ ಇದೇ ಮಾತು ಹೇಳಿ ಡೆಮೋ ತೋರಿಸಿದ್ದರು. ದುಬಾರಿ ಫೋನ್, ಎಸಿ ರೂಮು, ಒಳ್ಳೆ ವೈಫೈ. ಎಲ್ಲ ಸಲೀಸಾಗಿ ನಡೆಯಿತು. ಆಮೇಲೆ ಏನಾಯಿತು ಅಂತ ಬರೆಯುತ್ತಿದ್ದೇನೆ. ಇನ್ನೊಂದು ತಂಡಕ್ಕೆ ಇದೇ ಪಾಡು ಬರದಿರಲಿ.

ನಮ್ಮದು ಗೂಡ್ಸ್ ಗಾಡಿಯವರಿಗೆ ಬಾಡಿಗೆ ಹುಡುಕಿಕೊಡುವ ಆ್ಯಪ್. ಹುಬ್ಬಳ್ಳಿ, ಹಾವೇರಿ, ದಾವಣಗೆರೆ ಕಡೆಯ ಚಾಲಕರೇ ಜಾಸ್ತಿ. ಅವರ ಡಿಎಲ್, ಆಧಾರ್, ಪ್ಯಾನ್ ನೋಡಬೇಕು, ಸೆಲ್ಫಿ ತೆಗೆದು ಮುಖ ಹೋಲಿಸಬೇಕು. ಇದು ಮುಗಿಯದೆ ಬಾಡಿಗೆ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಒಂದು ಬಗ್ ಇದ್ದರೆ ಯಾರದೋ ಅವತ್ತಿನ ದುಡಿಮೆ ಹೋಯಿತು ಅಂತಲೇ ಲೆಕ್ಕ.

ಪ್ಲಗಿನ್ ಅನ್ನುವುದು ಬರೀ ಮೇಲಿನ ಹೊದಿಕೆ. ಒಳಗೆ ಆಂಡ್ರಾಯ್ಡ್‌ಗೆ ಒಂದು, ಐಒಎಸ್‌ಗೆ ಒಂದು, ಹೀಗೆ ಎರಡು ಬೇರೆ ಬೇರೆ ಎಸ್‌ಡಿಕೆ (ಕೆವೈಸಿ ಕಂಪನಿ ಕೊಡುವ ಸಿದ್ಧ ಕೋಡಿನ ಕಟ್ಟು) ಇರುತ್ತವೆ. ಡಾರ್ಟ್ (ಫ್ಲಟರ್ ಬಳಸುವ ಭಾಷೆ) ಕೋಡ್ ಮೆಥಡ್ ಚಾನೆಲ್ ಅನ್ನುವ ಸೇತುವೆಯ ಮೂಲಕ ಅವನ್ನು ಕರೆಯುತ್ತದೆ ಅಷ್ಟೇ. ಕ್ಯಾಮೆರಾ ಸ್ಕ್ರೀನ್ ಬಂದ ಕೂಡಲೇ ಬಳಕೆದಾರ ನಿಮ್ಮ ಫ್ಲಟರ್ ಜಗತ್ತಿನಿಂದ ಆಚೆ ಹೋಗಿಬಿಟ್ಟ. ನಾವು ಕಷ್ಟಪಟ್ಟು ಹಾಕಿದ್ದ ಕನ್ನಡ ಆ ಸ್ಕ್ರೀನ್‌ಗೆ ತಲುಪಲೇ ಇಲ್ಲ. "ಮುಖ ಎಡಕ್ಕೆ ತಿರುಗಿಸಿ, ಕಣ್ಣು ಮಿಟುಕಿಸಿ" ಅನ್ನುವ ಸೂಚನೆಯೆಲ್ಲ ಇಂಗ್ಲಿಷಿನಲ್ಲಿ. ಓದಲು ಬಾರದವರು ಸುಮ್ನೆ ಫೋನ್ ಹಿಡಿದು ನಿಂತರು, ಸಮಯ ಮುಗಿದು ಫೇಲ್ ಆಯಿತು.

ಇನ್ನು ಆ ಎಸ್‌ಡಿಕೆ ತನ್ನ ಮ್ಯಾನಿಫೆಸ್ಟ್‌ನಲ್ಲಿ (ಬೇಕಾದ ಅನುಮತಿಗಳನ್ನು ಪಟ್ಟಿ ಮಾಡುವ ಫೈಲ್) ಕಾಂಟ್ಯಾಕ್ಟ್ಸ್ ಓದುವ ಅನುಮತಿಯನ್ನೂ ಸೇರಿಸಿಕೊಂಡು ಬಂದಿತ್ತು. ಬಿಲ್ಡ್ ಆಗುವಾಗ ಎಲ್ಲ ಮ್ಯಾನಿಫೆಸ್ಟ್‌ಗಳೂ ಒಂದಾಗುವುದರಿಂದ ಅದು ನಮ್ಮ ಆ್ಯಪ್‌ನ ಅನುಮತಿಯೇ ಆಗಿಬಿಡುತ್ತದೆ. ನೀವು ಸಾಲ ಕೊಡುವ ಆ್ಯಪ್ ಮಾಡುತ್ತಿದ್ದರೆ ಇದು ಇನ್ನೂ ಅಪಾಯ. ಅಂಥ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಫೋಟೋ ಮುಟ್ಟಬಾರದು ಅಂತ 2023ರ ಮೇ 31ರಿಂದ ಗೂಗಲ್ ಪ್ಲೇ ನಿಯಮವಿದೆ. ಆಂಡ್ರಾಯ್ಡ್ 15 ಅಥವಾ ಅದಕ್ಕಿಂತ ಹೊಸದನ್ನು ಗುರಿಯಾಗಿಟ್ಟ ಆ್ಯಪ್‌ಗಳ ನೇಟಿವ್ ಲೈಬ್ರರಿಗಳು (ಎಸ್‌ಒ ಫೈಲುಗಳು) 16 ಕೆಬಿ ಪೇಜ್ ಸೈಜ್‌ಗೆ, ಅಂದರೆ ಫೋನು ಮೆಮೊರಿ ಹಂಚುವ ತುಂಡಿನ ಅಳತೆಗೆ ಹೊಂದಬೇಕು ಅನ್ನುವ ನಿಯಮವೂ ಇದೆ. ಮುಖ ಗುರುತಿಸುವ ಎಸ್‌ಡಿಕೆಗಳಲ್ಲಿ ಇಂಥ ಎಸ್‌ಒ ಫೈಲುಗಳು ತುಂಬಿರುತ್ತವೆ. ಅವನ್ನು ನೀವು ಸರಿಮಾಡಲು ಆಗುವುದಿಲ್ಲ. ಅವರು ಹೊಸ ಆವೃತ್ತಿ ಕೊಡುವವರೆಗೆ ಕಾಯಬೇಕು.

ಚಾಲಕರನ್ನು ಜಾಸ್ತಿ ಸತಾಯಿಸಿದ್ದು ಬೇರೆಯದೇ. "ಡಿಎಲ್ ಫೋಟೋ ತೆಗೆದ್ರೆ ಮತ್ತೆ ಮೊದಲಿಂದ ಬರ್ತದ್ರೀ" ಅಂತ ಕರೆ ಮೇಲೆ ಕರೆ. ಕೆವೈಸಿ ಕಂಪನಿಯವರನ್ನು ಕೇಳಿದರೆ ನೆಟ್‌ವರ್ಕ್ ಸಮಸ್ಯೆ ಅಂದರು. ನೆಟ್‌ವರ್ಕ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ದಾಖಲೆಯ ಫೋಟೋಗೆ ಅವರ ಎಸ್‌ಡಿಕೆ ಫೋನಿನದೇ ಕ್ಯಾಮೆರಾ ಆ್ಯಪ್ ತೆರೆಯುತ್ತಿತ್ತು. 2 ಜಿಬಿ ರ್‍ಯಾಮ್ ಇರುವ ಫೋನಿನಲ್ಲಿ ಕ್ಯಾಮೆರಾ ತೆರೆದರೆ ಹಿಂದೆ ಸರಿದ ನಮ್ಮ ಆ್ಯಪ್ಪನ್ನು ಆಂಡ್ರಾಯ್ಡ್ ಮುಚ್ಚಿಬಿಡುತ್ತದೆ. ಫೋಟೋ ತೆಗೆದು ವಾಪಸ್ ಬರುವಾಗ ಫ್ಲಟರ್ ಹೊಸದಾಗಿ ಶುರುವಾಗುತ್ತದೆ, ಫೋಟೋ ಹೋಗಿರುತ್ತದೆ. ಇದು ಹಳೇ ಸಮಸ್ಯೆ. ಇಮೇಜ್ ಪಿಕರ್ ಪ್ಲಗಿನ್‌ನಲ್ಲಿ ಕಳೆದ ಫೋಟೋ ವಾಪಸ್ ಪಡೆಯಲೆಂದೇ ರಿಟ್ರೀವ್ ಲಾಸ್ಟ್ ಡೇಟಾ ಅನ್ನುವ ಫಂಕ್ಷನ್ ಕೊಟ್ಟಿದ್ದಾರೆ. ಇವರ ಪ್ಲಗಿನ್‌ನಲ್ಲಿ ಅಂಥದ್ದೇನೂ ಇರಲಿಲ್ಲ. ಮೇಲಾಗಿ ಪ್ರತಿ ಸಲ ಮೊದಲಿಂದ ಶುರುವಾದಾಗಲೂ ಹೊಸ ಪರಿಶೀಲನೆ ಅಂತ ಬಿಲ್ ಮಾಡಿದರು. ಫೋನಿನ ಡೆವಲಪರ್ ಆಪ್ಷನ್ಸ್‌ನಲ್ಲಿ "ಡೋಂಟ್ ಕೀಪ್ ಆ್ಯಕ್ಟಿವಿಟೀಸ್" (ಹಿಂದೆ ಸರಿದ ಸ್ಕ್ರೀನನ್ನು ಕೂಡಲೇ ಮುಚ್ಚಿಸುವ ಸೆಟ್ಟಿಂಗ್) ಆನ್ ಮಾಡಿ ಡೆಮೋ ತೋರಿಸಿ ಅಂತ ಕೇಳಿ. ಇಂಥ ಹುಳುಕು ಇದ್ದರೆ ಬಹುಮಟ್ಟಿಗೆ ಅಲ್ಲೇ ಹೊರಬೀಳುತ್ತದೆ.

ಈಗ ಹೇಳುವುದನ್ನು ಮಾತ್ರ ಯಾರೂ ಮರೆಯಬೇಡಿ. ಅವರ ಸ್ಯಾಂಪಲ್ ಕೋಡ್ ಪ್ರಕಾರ ಪರಿಶೀಲನೆ ಮುಗಿದ ಮೇಲೆ ಎಸ್‌ಡಿಕೆ ಡಾರ್ಟ್‌ಗೆ "ಸಕ್ಸೆಸ್: ಟ್ರೂ" ಅಂತ ಕೊಡುತ್ತದೆ. ಆ್ಯಪ್ ಅದನ್ನೇ ನಮ್ಮ ಸರ್ವರ್‌ಗೆ ಕಳಿಸಬೇಕು. ಸರ್ವರ್ ಅದನ್ನು ನಂಬಿ ಚಾಲಕ ಅಸಲಿ ಅಂತ ಮುದ್ರೆ ಒತ್ತಬೇಕು. ಅಂದರೆ ಪರೀಕ್ಷೆ ಬರೆದವನೇ ತನ್ನ ಅಂಕಪಟ್ಟಿ ಬರೆದುಕೊಂಡ ಹಾಗೆ. ಫೋನಿನಿಂದ ಹೊರಡುವ ಕೋರಿಕೆಯನ್ನು ಪ್ರಾಕ್ಸಿ (ನಡುವೆ ನಿಂತು ಮಾಹಿತಿ ಹಿಡಿಯುವ ಸಾಧನ) ಇಟ್ಟು ತಿದ್ದುವುದು ಗೊತ್ತಿದ್ದವರಿಗೆ ಕಷ್ಟವೇ ಅಲ್ಲ. ನಮ್ಮ ಟೆಸ್ಟಿಂಗ್ ಹುಡುಗಿ ಫಾಲ್ಸ್ ಇದ್ದದ್ದನ್ನು ಟ್ರೂ ಮಾಡಿ ಕಳಿಸಿದಳು. ಸೆಲ್ಫಿ ಇಲ್ಲ, ಡಿಎಲ್ ಇಲ್ಲ, ಖಾತೆಗೆ ಹಸಿರು ಟಿಕ್ ಬಿತ್ತು. ಹೀಗೆ ಒಳಗೆ ಬಂದವನ ಗಾಡಿಗೆ ಯಾರೋ ನಂಬಿ ತಮ್ಮ ಮನೆ ಸಾಮಾನು ತುಂಬುತ್ತಾರೆ, ಅಲ್ವಾ?

ಅದೇ ಸ್ಯಾಂಪಲ್‌ನಲ್ಲಿ ಅವರ ಸೀಕ್ರೆಟ್ ಕೀ (ಅವರ ಸೇವೆ ಬಳಸಲು ಬೇಕಾದ ಗುಟ್ಟಿನ ಸಂಕೇತ) ಕೂಡ ಆ್ಯಪ್ ಒಳಗೇ ಇತ್ತು. ಎಪಿಕೆ, ಅಂದರೆ ಆಂಡ್ರಾಯ್ಡ್ ಆ್ಯಪ್‌ನ ಫೈಲ್, ಒಂದು ಜಿಪ್ ಫೈಲ್ ಅಷ್ಟೇ. ಅಸೆಟ್ಸ್‌ನಲ್ಲಿಟ್ಟ ಕೀ ಬಿಚ್ಚಿದ ಕೂಡಲೇ ಕಾಣುತ್ತದೆ. ಡಾರ್ಟ್ ಕೋಡಿನಲ್ಲಿ ಬರೆದಿಟ್ಟರೂ ಹುಡುಕಿ ತೆಗೆಯಬಹುದು. ಕೀ ಯಾವತ್ತೂ ನಿಮ್ಮ ಸರ್ವರ್‌ನಲ್ಲೇ ಇರಬೇಕು. ಸರ್ವರ್ ಒಂದು ಸಲದ ಟೋಕನ್ ತಂದು ಆ್ಯಪ್‌ಗೆ ಕೊಡಲಿ. ಫಲಿತಾಂಶ ಅವರ ಸರ್ವರ್‌ನಿಂದ ನೇರ ನಿಮ್ಮ ಸರ್ವರ್‌ಗೆ ವೆಬ್‌ಹುಕ್ (ಒಂದು ಸರ್ವರ್ ಇನ್ನೊಂದಕ್ಕೆ ತಾನಾಗಿ ಕಳಿಸುವ ಸಂದೇಶ) ಮೂಲಕ ಬರಲಿ, ಅದರ ಸಹಿಯನ್ನೂ ತಾಳೆ ನೋಡಿ. ಇದಕ್ಕೆ ಒಪ್ಪದ ಕಂಪನಿಯ ಜೊತೆ ಮುಂದುವರಿಯಲೇಬೇಡಿ.

ಆಧಾರ್ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಆ್ಯಪ್ ಒಳಗೆ ಒಂದು ವೆಬ್‌ವ್ಯೂ (ಪುಟ್ಟ ಬ್ರೌಸರ್ ಕಿಟಕಿ) ತೆರೆದು, ಚಾಲಕರ ಕೈಲಿ ಆಧಾರ್ ಸಂಖ್ಯೆ, ಒಟಿಪಿ ಟೈಪ್ ಮಾಡಿಸಿ, ಸರ್ಕಾರಿ ಪೋರ್ಟಲ್‌ನಿಂದ ಇವರೇ ಫೈಲ್ ಎಳೆದುಕೊಳ್ಳುತ್ತಿದ್ದರು. ಪೋರ್ಟಲ್‌ನ ಪುಟ ಸ್ವಲ್ಪ ಬದಲಾದರೂ ನೋಂದಣಿ ನಿಂತುಹೋಗುತ್ತಿತ್ತು. ಅದಕ್ಕಿಂತ ದೊಡ್ಡ ವಿಷಯ ಕಾನೂನಿನದು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ಕಂಪನಿಗಳು ಒಪ್ಪಂದದ ಆಧಾರದ ಮೇಲೆ ಆಧಾರ್ ದೃಢೀಕರಣ ಮಾಡಲು ಬಿಟ್ಟಿದ್ದ ಆಧಾರ್ ಕಾಯ್ದೆಯ ಸೆಕ್ಷನ್ 57ರ ಭಾಗವನ್ನು ರದ್ದು ಮಾಡಿತು. ಆಮೇಲೆ ನಿಯಮಗಳು ಬದಲಾಗಿವೆ, ಆದರೂ ಅನುಮತಿ ಇಲ್ಲದೆ ದೃಢೀಕರಣ ಮಾಡುವ ಹಾಗಿಲ್ಲ. ಡಿಜಿಲಾಕರ್ ದಾರಿ ಇದೆ. ಅಲ್ಲಿ ಜನ ತಾವೇ ಒಪ್ಪಿಗೆ ಕೊಟ್ಟು ದಾಖಲೆ ಹಂಚಿಕೊಳ್ಳುತ್ತಾರೆ, ಡಿಎಲ್ ಕೂಡ ಸಿಗುತ್ತದೆ. ಆಧಾರ್ ಕಾರ್ಡಿನ ಸುರಕ್ಷಿತ ಕ್ಯೂಆರ್‌ನಲ್ಲಿ ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಡಿಜಿಟಲ್ ಸಹಿ ಇರುತ್ತದೆ, ಅದನ್ನು ಆಫ್‌ಲೈನ್‌ನಲ್ಲೇ ಪರಿಶೀಲಿಸಬಹುದು.

ನಮ್ಮ ಕಡೆಯ ಹೆಸರುಗಳನ್ನಂತೂ ಅವರ ವ್ಯವಸ್ಥೆ ಅರ್ಥವೇ ಮಾಡಿಕೊಳ್ಳಲಿಲ್ಲ. ಆಧಾರ್‌ನಲ್ಲಿ "ಮಂಜುನಾಥ ಎಚ್". ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ "ಮಂಜುನಾಥ ಹನುಮಂತಪ್ಪ". ಡಿಎಲ್‌ನಲ್ಲಿ ಬರೀ "ಮಂಜುನಾಥ". ಒಬ್ಬನೇ ಮನುಷ್ಯ, ಆದರೆ ಹೆಸರು ಹೊಂದಿಕೆಯ ಅಂಕ ಕಡಿಮೆ ಅಂತ ತಿರಸ್ಕಾರ. ಕೆಲವರ ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ, ದಿನಾಂಕ ಇರುವುದಿಲ್ಲ. ಅದಕ್ಕೂ ತಿರಸ್ಕಾರ. ಇನಿಷಿಯಲ್ ಇರುವ ಹೆಸರುಗಳಿಂದಲೇ ಟೆಸ್ಟ್ ಶುರುಮಾಡಿ. ಮಷಿನ್ ಬೇಡ ಅಂದವರನ್ನು ಒಬ್ಬ ಮನುಷ್ಯ ಕೂತು ನೋಡುವ ವ್ಯವಸ್ಥೆ ಮೊದಲ ದಿನದಿಂದಲೇ ಇರಲಿ.

ಕೊನೆಗೆ ಅವರನ್ನು ಬಿಡುವ ಹೊತ್ತಿಗೆ ಇನ್ನೊಂದು ಗೊತ್ತಾಯಿತು. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಟೆಸ್ಟ್ ಫೋನಿನ ಕ್ಯಾಷ್ (ತಾತ್ಕಾಲಿಕ ಫೈಲುಗಳ) ಫೋಲ್ಡರ್ ತೆರೆದರೆ ಹಿಂದೆ ತೆಗೆದ ಆಧಾರ್ ಫೋಟೋಗಳು ಹಾಗೇ ಬಿದ್ದಿದ್ದವು. ಹನ್ನೆರಡೂ ಅಂಕೆ ಕಾಣುವ ಹಾಗೆ. ಅವರ ಸರ್ವರ್‌ನಲ್ಲಿ ಎಷ್ಟು ಉಳಿದಿವೆ ಅಂತ ಕೇಳಿದ್ದಕ್ಕೆ ನೇರ ಉತ್ತರ ಬರಲೇ ಇಲ್ಲ. ಒಪ್ಪಂದದಲ್ಲಿ ಅಳಿಸುವ ಬಗ್ಗೆ ಒಂದು ಸಾಲೂ ಇರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲಸವನ್ನು ಬೇರೆಯವರಿಗೆ ವಹಿಸಿದ್ದರೂ ಜವಾಬ್ದಾರಿ ಮಾಹಿತಿ ಪಡೆದ ಕಂಪನಿಯದೇ. ಸುರಕ್ಷತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಫೋಟೋ ಎಲ್ಲಿ ಇಡುತ್ತಾರೆ, ಯಾವಾಗ ಅಳಿಸುತ್ತಾರೆ, ಅಳಿಸಿದ್ದಕ್ಕೆ ಏನು ದಾಖಲೆ ಕೊಡುತ್ತಾರೆ, ಈ ಮೂರನ್ನೂ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ. ಈ ಬಗ್ಗೆ ನಾವು ಅವರಿಗೆ ಕಳಿಸಿದ ಪತ್ರಕ್ಕೆ ಇನ್ನೂ ಉತ್ತರ ಕಾಯುತ್ತಿದ್ದೇವೆ.