9,000 ರೂಪಾಯಿ ಕ್ಲಾಸು, 40 ರೂಪಾಯಿ ನೋಟ್‌ಬುಕ್ಕು

ಚೆಸ್ ಕಲಿಯಲು ನಾನು ಹಿಡಿದ ದಾರಿಗಳಲ್ಲಿ, ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ನೋಟ್‌ಬುಕ್ಕು. ಕ್ಲಾಸಿಗೆ ಕಟ್ಟಿದ ದುಡ್ಡಿನ ಸಂಕಟ ಇನ್ನೂ ಹೋಗಿಲ್ಲ. ಹಾಗಾಗಿ ತಕ್ಕಡಿ ಸ್ವಲ್ಪ ಒಂದು ಕಡೆ ವಾಲಿದ್ದರೆ ಬೇಜಾರು ಮಾಡ್ಕೋಬೇಡಿ.

ನನಗೆ 41. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಮನೆ ತೀರ್ಥಹಳ್ಳಿಯಲ್ಲಿ. ದಿನಾ ಹೋಗಿ ಬರಲು ಬಸ್ಸಿನಲ್ಲೇ ಮೂರು ಗಂಟೆ. 2024ರ ಡಿಸೆಂಬರಿನಲ್ಲಿ ಗುಕೇಶ್ 18ನೇ ವಯಸ್ಸಿಗೆ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದಾಗ, ಹೈಸ್ಕೂಲಿನಲ್ಲಿ ಬಿಟ್ಟಿದ್ದ ಚೆಸ್ ಹುಚ್ಚು ಮತ್ತೆ ಹತ್ತಿತು. ಆ ವಾರವೇ ಒಂದು ಆನ್‌ಲೈನ್ ಕ್ಲಾಸಿಗೆ ಸೇರಿದೆ. ಆರು ತಿಂಗಳಿಗೆ 9,000, ಪೂರ್ತಿ ಮುಂಗಡ.

ಮೇಷ್ಟ್ರು ಒಳ್ಳೆಯವರು, ಸುಮ್ನೆ ದೂರಬಾರದು. ತೊಂದರೆ ಬೇರೆ ಕಡೆ ಇತ್ತು. 'ಆರಂಭಿಕ ಹಂತ' ಎಂದು ಸೇರಿಸಿಕೊಂಡ ಗುಂಪಿನಲ್ಲಿ ಹದಿಮೂರು ಜನ. ಹನ್ನೆರಡು ಮಕ್ಕಳು, ಒಬ್ಬ ನಾನು. ಒಂಬತ್ತು ಹತ್ತು ವರ್ಷದ ಮಕ್ಕಳು. ರಾತ್ರಿ ಎಂಟಕ್ಕೆ ಮೇಷ್ಟ್ರು ಪರದೆಯ ಮೇಲೆ ಆಟದ ನಡುವಿನ ಒಂದು ಸ್ಥಿತಿ ಇಡುತ್ತಾರೆ. ನಾನು ಕನ್ನಡಕ ಸರಿ ಮಾಡಿಕೊಂಡು, ರಾಜ ಎಲ್ಲಿದ್ದಾನೆ ಅಂತ ಹುಡುಕುತ್ತಿರುವಾಗಲೇ ಒಂದು ಧ್ವನಿ: "ಕುದುರೆ ಎಫ್7, ರಾಣಿನೂ ಆನೆನೂ ಒಟ್ಟಿಗೆ!" ಅಂದರೆ ಕುದುರೆಯನ್ನು ಎಫ್7 ಅನ್ನುವ ಮನೆಗೆ ಇಟ್ಟರೆ ಎರಡಕ್ಕೂ ಒಟ್ಟಿಗೆ ಗುರಿ. ಮುಗೀತು. ಉತ್ತರ ಗೊತ್ತಾದ ಮೇಲೆ ಇನ್ನೇನು ಯೋಚಿಸುವುದು?

ಮೈಕ್ ಮುಚ್ಚಿಸಿ ಎಂದು ಕೇಳಿದೆ. ಮೇಷ್ಟ್ರು ಮುಚ್ಚಿಸಿದರು. ಮಕ್ಕಳು ಚಾಟ್‌ನಲ್ಲಿ ಬರೆಯತೊಡಗಿದರು. ಚಾಟ್ ಕಾಣದ ಹಾಗೆ ಪರದೆಯ ಆ ಅಂಚಿಗೆ ಕ್ಯಾಲೆಂಡರಿನ ಹಾಳೆ ಅಂಟಿಸಿದೆ. ಆಗ ಮೇಷ್ಟ್ರೇ "ವೆರಿ ಗುಡ್, ಕುದುರೆ ಎಫ್7" ಎಂದು ಓದಿ ಹೇಳಿದರು. ಒಮ್ಮೆ ಒಬ್ಬ ಹುಡುಗ, "ಅಂಕಲ್‌ಗೆ ಟೈಮ್ ಕೊಡಿ ಸರ್" ಅಂದ. ಅವನ ಮನಸ್ಸು ಒಳ್ಳೆಯದೇ. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಇದರ ಮೇಲೆ ಮೂರು ವಾರ ಸಿಸಿಲಿಯನ್ ನಾಯ್ಡಾರ್ಫ್ ಪಾಠ, ಅಂದರೆ ಆಟ ಶುರು ಮಾಡುವ ನಡೆಗಳ ಒಂದು ಸಿದ್ಧ ಕ್ರಮ. ನನ್ನ ಮಟ್ಟದ ಎದುರಾಳಿಗಳು ನಾಲ್ಕನೇ ನಡೆಗೇ ದಾರಿ ತಪ್ಪುತ್ತಾರೆ, ನಾನೂ ತಪ್ಪುತ್ತೇನೆ. ಬಾಯಿಪಾಠ ಮಾಡಿದ ಹನ್ನೆರಡು ನಡೆ ಯಾರ ಮುಂದೆ ಒಪ್ಪಿಸಲಿ?

ಎರಡನೆಯದು ಬಸ್ಸಿನಲ್ಲಿ ಮೊಬೈಲ್ ಬ್ಲಿಟ್ಜ್, ಮೂರು ನಿಮಿಷದ ಆಟ. ಮಜಾ ಇದೆ, ಬುದ್ಧಿ ಬೆಳೆಯಲ್ಲ. ಮಂಡಗದ್ದೆ ಕಾಡಿನಲ್ಲಿ ನೆಟ್‌ವರ್ಕ್ ಹೋಗುತ್ತದೆ, ಗಡಿಯಾರ ಮಾತ್ರ ಓಡುತ್ತಿರುತ್ತದೆ. ಸಕ್ರೆಬೈಲಿನ ಆನೆ ಬಿಡಾರ ದಾಟುವಷ್ಟರಲ್ಲಿ ನನ್ನ ಎರಡು ಆನೆ ಹೋಗಿರುವುದು ವಾಡಿಕೆ.

ಪುಸ್ತಕ ಹಿಡಿದರೆ ನಿದ್ದೆ ಬರುತ್ತದೆ. ಅಷ್ಟೇ.

ಇನ್ನು ನನ್ನ ಪದ್ಧತಿ. ವಾರಕ್ಕೆ ಎರಡೇ ಆಟ, ಲಿಚೆಸ್ ಅನ್ನುವ ಚೆಸ್ ಜಾಲತಾಣದಲ್ಲಿ, 15+10. ಅಂದರೆ ಒಬ್ಬೊಬ್ಬರಿಗೆ ಹದಿನೈದು ನಿಮಿಷ, ಪ್ರತಿ ನಡೆಗೆ ಹತ್ತು ಸೆಕೆಂಡ್ ಸೇರ್ಪಡೆ. ನಲವತ್ತು ನಡೆಯ ಆಟಕ್ಕೆ ಮುಕ್ಕಾಲು ಗಂಟೆ ಸಾಕು. ದುಡ್ಡು ಕೊಡುವ ಮಾತೇ ಇಲ್ಲ, ಅದು ದೇಣಿಗೆಯಲ್ಲಿ ನಡೆಯುತ್ತದೆ. ಪಜಲ್‌ಗಳನ್ನು ಬೆಳಿಗ್ಗೆ ಮನೆಯಲ್ಲೇ ಇಳಿಸಿಕೊಂಡರೆ ಕಾಡಿನ ನಡುವೆಯೂ ಬಿಡಿಸಬಹುದು. ಬಸ್ಸಿಗೆ ಹತ್ತು ಪಜಲ್, ಜಾಸ್ತಿ ಬೇಡ.

ಸೋತ ಮೇಲೆ ಕಂಪ್ಯೂಟರನ್ನು ತಕ್ಷಣ ಕೇಳುವುದಿಲ್ಲ. ಎಲ್ಲಿ ಕೆಟ್ಟಿತು ಅಂತ ಮೊದಲು ನಾನೇ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತೇನೆ. ಆಮೇಲೆ ಸ್ಟಾಕ್‌ಫಿಶ್ ಅನ್ನುವ ಚೆಸ್ ಪ್ರೋಗ್ರಾಂ ಏನನ್ನುತ್ತೆ ನೋಡಿ, ಕೆಂಪು ಪೆನ್ನಿನಲ್ಲಿ ತಿದ್ದುತ್ತೇನೆ. ಇಡೀ ದಿನ ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ಕಲಮಿಗೆ ಬರೆಯುವ ಕೈ ಇದು. ಸೋಲಿಗೂ ನಾಲ್ಕು ಕಲಮು ಮಾಡಿದೆ. ಅರವತ್ತು ಸೋಲಿನ ಲೆಕ್ಕ ಹೀಗಿದೆ: ಕಾಯಿ ಬಿಟ್ಟಿ ಕೊಟ್ಟದ್ದು 34, ಗಡಿಯಾರದಲ್ಲಿ ಸತ್ತದ್ದು 15, ಕೊನೆಯಾಟ ಗೊತ್ತಿಲ್ಲದ್ದು 7, ಆರಂಭದಲ್ಲೇ ಕೆಟ್ಟದ್ದು 4.

ನಾಲ್ಕು! ಮೂರು ವಾರದ ನಾಯ್ಡಾರ್ಫ್ ಈ ನಾಲ್ಕಕ್ಕೆ. 34ರ ಔಷಧಿ ಮಾತ್ರ ಪುಕ್ಕಟೆ. ಕಾಯಿ ಮುಟ್ಟುವ ಮೊದಲು 'ಅವನು ಈಗ ಏನು ಹೊಡೀತಾನೆ' ಅಂತ ಒಂದು ಸಲ ಕೇಳಿಕೊಳ್ಳುವುದು. ಬ್ಲಿಟ್ಜ್‌ನಲ್ಲಿ ಅದಕ್ಕೆ ಪುರುಸೊತ್ತಿಲ್ಲ, ಕ್ಲಾಸಿನಲ್ಲಿ ಮಕ್ಕಳು ಬಿಡಲ್ಲ.

ಲಿಚೆಸ್ ಹೊಸಬರಿಗೆ 1500 ರೇಟಿಂಗ್, ಅಂದರೆ ಆಟದ ಮಟ್ಟ ಹೇಳುವ ಅಂಕ, ಕೊಟ್ಟು ಶುರು ಮಾಡಿಸುತ್ತದೆ. ನಾನು ಅಲ್ಲಿಂದ 1240ಕ್ಕೆ ಜಾರಿ, ಈಗ 1430ಕ್ಕೆ ಹತ್ತಿದ್ದೇನೆ. ಶುರುವಾದ ಜಾಗ ಮುಟ್ಟಲು ಇನ್ನೂ 70 ಬಾಕಿ.

ನಿಮ್ಮ ಸಂಜೆ ಖಾಲಿ ಇದ್ದು, ನಿಮ್ಮ ವಯಸ್ಸಿನವರದ್ದೇ ಗುಂಪು ಸಿಕ್ಕರೆ ಕ್ಲಾಸು ಸೇರಿ, ಬೇಡ ಅನ್ನಲ್ಲ. ನನ್ನಂತೆ ಅಡಿಕೆ ಸುಗ್ಗಿಯಲ್ಲಿ ಎಂಟಕ್ಕೆ ಮನೆ ಸೇರುವುದೇ ಕಷ್ಟ ಅನ್ನುವವರಿಗೆ ನೋಟ್‌ಬುಕ್ಕೇ ಸರಿ.

ಕ್ಲಾಸಿನ ಉಳಿದ ಮೂರು ತಿಂಗಳ ದುಡ್ಡು ವಾಪಸ್ ಕೊಡಲ್ಲ ಅಂದರು. ಬೇರೆಯವರನ್ನು ಕೂರಿಸಬಹುದಾ ಎಂದೆ, ಆಗಬಹುದು ಅಂದರು. ಅಕ್ಕನ ಮಗಳನ್ನು ಕೂರಿಸಿದೆ, ಹತ್ತು ವರ್ಷ. ಆಮೇಲೊಮ್ಮೆ ಅವರ ಮನೆಗೆ ಹೋದಾಗ ಕ್ಲಾಸು ನಡೀತಿತ್ತು. ಪರದೆಯ ಮೇಲೆ ಸ್ಥಿತಿ ಬಂತು, ನಾನೂ ಹಿಂದೆ ನಿಂತು ರಾಜನನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳು ಉತ್ತರ ಕೂಗಿಯಾಗಿತ್ತು.